ಗ್ಯಾಸ್ ಅಗ್ಗಿಷ್ಟಿಕೆಯ ಬರ್ನರ್ ಮತ್ತು ಉರಿಯ ಹೊಂದಾಣಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿ ಗ್ಯಾಸ್ ಅಗ್ಗಿಷ್ಟಿಕೆ ಇಟ್ಟುಕೊಂಡವರು ಮಾತಿನ ನಡುವೆಯೂ ಪತ್ರಗಳಲ್ಲಿಯೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು, ಆದಷ್ಟು ಅವರ ಮಾತಿನಲ್ಲಿಯೇ, ಇಲ್ಲಿ ಒಂದೆಡೆ ಸೇರಿಸಿದೆ. ಉತ್ತರಗಳು ಸಾಮಾನ್ಯವಾಗಿ ಎಲ್ಲ ಮಾದರಿಗಳಿಗೂ ಹೊಂದುವಂಥವು. ಆದರೆ ನಿಮ್ಮ ಅಗ್ಗಿಷ್ಟಿಕೆಯ ಜೊತೆ ಬಂದ ಕೈಪಿಡಿ ಬೇರೆ ಅಳತೆಯನ್ನು ಹೇಳಿದರೆ ಕೈಪಿಡಿಯ ಮಾತೇ ನಡೆಯಬೇಕು.

## ಉರಿಯನ್ನು ನೋಡಿ ತಿಳಿಯುವುದು

ಅಡುಗೆ ಒಲೆಯ ಉರಿ ನೀಲಿಯಾಗಿರಬೇಕು ಅಂತಾರೆ. ನಮ್ಮ ಅಗ್ಗಿಷ್ಟಿಕೆಯದು ಹಳದಿಯಾಗಿದೆ. ಏನಾದರೂ ಕೆಟ್ಟಿದೆಯಾ?

ಕೆಟ್ಟಿಲ್ಲ, ಹಳದಿ ಉರಿ ಅಲ್ಲಿ ಬೇಕೆಂದೇ ಮಾಡಿದ್ದು. ಅನಿಲ ಹೊತ್ತಿಕೊಳ್ಳುವ ಮೊದಲೇ ಅದರೊಡನೆ ಸಾಕಷ್ಟು ಗಾಳಿ ಬೆರೆತಿದ್ದರೆ ಜ್ವಾಲೆ ನೀಲಿಯಾಗಿ, ಗಿಡ್ಡವಾಗಿ, ಬಿಗಿಯಾಗಿ ನಿಲ್ಲುತ್ತದೆ. ಮೊದಲೇ ಬೆರೆಯುವ ಗಾಳಿ ಕಡಿಮೆಯಾದಾಗ ಅನಿಲದಲ್ಲಿರುವ ಇಂಗಾಲದ ಒಂದು ಪಾಲು ಅತಿ ಸಣ್ಣ ಕಣಗಳಾಗಿ ಬೇರ್ಪಟ್ಟು, ಕುಲುಮೆಯಲ್ಲಿ ಕಾದ ಕಬ್ಬಿಣದಂತೆ ಬೆಳಗತೊಡಗುತ್ತದೆ. ನಮ್ಮ ಕಣ್ಣಿಗೆ ಹಳದಿಯಾಗಿ ಕಾಣುವುದು ಈ ಕಣಗಳ ಬೆಳಕೇ. ಅವು ಜ್ವಾಲೆಯ ತುದಿ ಮುಟ್ಟುವಷ್ಟರಲ್ಲಿ ಸುತ್ತಲಿನ ಗಾಳಿಯನ್ನು ಪಡೆದು ಪೂರ್ತಿ ಉರಿದುಹೋದರೆ ಯಾವ ತೊಂದರೆಯೂ ಇಲ್ಲ. ಉರಿಯದೆ ತುದಿಯಿಂದ ತಪ್ಪಿಸಿಕೊಂಡವು ಮಸಿಯಾಗುತ್ತವೆ.

ಆದ್ದರಿಂದ ಬಣ್ಣಕ್ಕಿಂತ ಹೆಚ್ಚಾಗಿ ತುದಿಯನ್ನು ನೋಡಬೇಕು. ಬುಡದಲ್ಲಿ ಒಂದಿಷ್ಟು ನೀಲಿ, ಮೇಲಕ್ಕೆ ಹೋದಂತೆ ಹಳದಿ, ತುದಿ ಸ್ವಚ್ಛವಾಗಿ ಮುಗಿದು ನಿಧಾನವಾಗಿ ಬಳುಕುತ್ತಿದ್ದರೆ ಅದು ಒಳ್ಳೆಯ ಉರಿ. ತುದಿ ಕಿತ್ತಳೆ-ಕೆಂಪಿಗೆ ತಿರುಗಿ, ಎಳೆ ಎಳೆಯಾಗಿ ಕಪ್ಪು ಹೊಗೆ ಬಿಡುತ್ತಿದ್ದರೆ ಗಾಳಿ ಸಾಲುತ್ತಿಲ್ಲ. ಅಡುಗೆ ಒಲೆಯಲ್ಲಿ ಪಾತ್ರೆ ಜ್ವಾಲೆಯನ್ನು ನೇರವಾಗಿ ಮುಟ್ಟುವುದರಿಂದ ಅಲ್ಲಿ ಈ ಹಳದಿಗೆ ಜಾಗವಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಹೊತ್ತಿಸಿದ ತಕ್ಷಣ ನೀಲಿ ಇರುತ್ತದೆ, ಅರ್ಧ ಗಂಟೆ ಕಳೆದ ಮೇಲೆ ಹಳದಿ. ಯಾವುದನ್ನು ನಂಬಬೇಕು?

ಎರಡನೆಯದನ್ನು. ಬರ್ನರ್, ಕೃತಕ ಸೌದೆ, ಚಿಮಣಿ ಇವೆಲ್ಲ ತಣ್ಣಗಿರುವಾಗ ಗಾಳಿಯ ಸೆಳೆತವೂ ಬೆರಕೆಯೂ ಒಂದು ರೀತಿ, ಕಾದ ಮೇಲೆ ಇನ್ನೊಂದು ರೀತಿ. ಉರಿ ತನ್ನ ನಿಜವಾದ ಬಣ್ಣಕ್ಕೆ ಬರಲು 15ರಿಂದ 30 ನಿಮಿಷ ಹಿಡಿಯುತ್ತದೆ. ಹೊತ್ತಿಸಿದ ಎರಡೇ ನಿಮಿಷಕ್ಕೆ ನೀಲಿ ಕಂಡು ಗಾಳಿಯನ್ನು ಕಡಿಮೆ ಮಾಡಿದವರು ಒಂದು ಗಂಟೆಯ ನಂತರ ಮಸಿ ಹಿಡಿದ ಗಾಜನ್ನು ನೋಡುತ್ತ ಕೂರುತ್ತಾರೆ.

ಹೊಸದಾಗಿ ಹಾಕಿಸಿದ್ದೇವೆ. ಒಂಥರಾ ವಾಸನೆ ಬರುತ್ತದೆ, ಗಾಜಿನ ಮೇಲೆ ಹಬೆಯೂ ಕೂರುತ್ತದೆ. ಬರ್ನರ್ ಸರಿಪಡಿಸಬೇಕೇ?

ಬೇಡ. ವಾಸನೆ ಹೊಸ ಬಣ್ಣ ಮತ್ತು ಸೌದೆಯ ಅಂಟು ಕಾದು ಗಟ್ಟಿಯಾಗುವಾಗಿನದು. ಕಿಟಕಿ ತೆರೆದಿಟ್ಟು ಮೊದಲ ಕೆಲವು ಗಂಟೆ ಹೆಚ್ಚಿನ ಉರಿಯಲ್ಲಿ ಬಿಟ್ಟರೆ ಹೋಗುತ್ತದೆ. ಹಬೆಗೆ ಕಾರಣ ಅನಿಲ ಉರಿದಾಗ ಹುಟ್ಟುವ ನೀರು. ಗಾಜು ಕಾಯುತ್ತಿದ್ದಂತೆ ಅದು ಆರುತ್ತದೆ.

ನಮ್ಮದು ಯಾವ ಬಗೆಯದು ಅಂತ ಗೊತ್ತಿಲ್ಲ. ಗೊತ್ತಿರಲೇಬೇಕಾ?

ಗೊತ್ತಿರಲೇಬೇಕು, ಏಕೆಂದರೆ ಏನನ್ನು ಮುಟ್ಟಬಹುದು ಎಂಬುದು ಬಗೆಯ ಮೇಲೆ ನಿಂತಿದೆ. ಮುಂದೆ ಗಾಜು ಭದ್ರವಾಗಿ ಮುಚ್ಚಿದ್ದು, ಹೊರಗೋಡೆಗೋ ಚಾವಣಿಗೋ ಒಂದರೊಳಗೊಂದು ಕೊಳವೆ ಹೋಗಿದ್ದರೆ ಅದು ಮುಚ್ಚಿದ ಬಗೆ: ಹೊರ ಕೊಳವೆಯಿಂದ ಉರಿಗೆ ಬೇಕಾದ ಗಾಳಿ ಒಳಬರುತ್ತದೆ, ಒಳ ಕೊಳವೆಯಿಂದ ಸುಟ್ಟ ಅನಿಲ ಹೊರಹೋಗುತ್ತದೆ. ಮುಂಭಾಗ ತೆರೆದಿದ್ದು ಚಿಮಣಿ ಇದ್ದರೆ, ಮನೆಯೊಳಗಿನ ಗಾಳಿಯನ್ನೇ ಬಳಸಿ ಹೊಗೆಯನ್ನು ಚಿಮಣಿಗೆ ಬಿಡುವ ಬಗೆ. ಚಿಮಣಿಯೂ ಇಲ್ಲ, ಕೊಳವೆಯೂ ಇಲ್ಲ ಎಂದಾದರೆ ಸುಟ್ಟ ಅನಿಲವೆಲ್ಲ ಕೋಣೆಯೊಳಗೇ ಉಳಿಯುವ ಬಗೆ. ಈ ಮೂರನೆಯದರಲ್ಲಿ ಗಾಳಿಯ ಪ್ರಮಾಣವನ್ನು ಕಾರ್ಖಾನೆಯಲ್ಲಿಯೇ ನಿಗದಿ ಮಾಡಿರುತ್ತಾರೆ. ಅದರ ಬರ್ನರನ್ನು ಅಂದಕ್ಕಾಗಿ ಬದಲಿಸಲು ಹೋಗುವುದು ನನ್ನ ಮಟ್ಟಿಗೆ ಶುದ್ಧ ಅವಿವೇಕ.

## ಕೈಗೆ ಎಟುಕುವ ಹೊಂದಾಣಿಕೆಗಳು

ಏರ್ ಶಟರ್ ಅಂತಾರಲ್ಲ, ಅದು ಎಲ್ಲಿದೆ? ಎಷ್ಟು ತೆರೆಯಬೇಕು?

ಶಾಲೆಯ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಬುನ್ಸೆನ್ ಬರ್ನರ್ ಬಳಸಿದವರಿಗೆ ಇದರ ಪರಿಚಯ ಈಗಾಗಲೇ ಇದೆ. ಬರ್ನರಿನ ಬುಡದ ಉಂಗುರವನ್ನು ತಿರುಗಿಸಿ ಕಿಂಡಿ ಮುಚ್ಚಿದರೆ ತೂಗಾಡುವ ಹಳದಿ ಉರಿ, ತೆರೆದರೆ ಸದ್ದು ಮಾಡುವ ನೀಲಿ ಉರಿ. ಅಗ್ಗಿಷ್ಟಿಕೆಯ ಏರ್ ಶಟರ್ ಅದೇ ಉಂಗುರ. ಸಣ್ಣ ರಂಧ್ರದ ಜೆಟ್‌ನಿಂದ ಅನಿಲ ರಭಸವಾಗಿ ನುಗ್ಗುವಾಗ ಪಕ್ಕದ ಕಿಂಡಿಯಿಂದ ಗಾಳಿಯನ್ನು ತನ್ನೊಡನೆ ಎಳೆದುಕೊಳ್ಳುತ್ತದೆ, ಆ ಕಿಂಡಿಯ ಅಗಲವನ್ನು ಶಟರ್ ನಿರ್ಧರಿಸುತ್ತದೆ. ಬರ್ನರ್ ಕೊಳವೆ ಜೆಟ್ ಅನ್ನು ಸೇರುವ ಜಾಗದಲ್ಲಿ, ಒಂದು ಸ್ಕ್ರೂ ಬಿಗಿದ ತಗಡಿನ ಬಳೆಯಂತೆ ಇದು ಕಾಣಿಸುತ್ತದೆ. ಕೆಲವು ಮುಚ್ಚಿದ ಮಾದರಿಗಳಲ್ಲಿ ಒಲೆಗೂಡಿನ ಕೆಳಗಡೆಗೆ ಒಂದು ಸಣ್ಣ ಸನ್ನೆಯನ್ನು ತಂದಿರುತ್ತಾರೆ. ಅಂಥವುಗಳಲ್ಲಿ ಗಾಜು ತೆಗೆಯದೆಯೇ ಹೊಂದಿಸಬಹುದು.

ಎಷ್ಟು ತೆರೆಯಬೇಕು ಎಂಬುದಕ್ಕೆ ಒಂದೇ ಅಂಕಿ ಇಲ್ಲ, ಆದರೆ ದಿಕ್ಕು ಖಚಿತ. ಒಂದು ಪಾಲು ನೈಸರ್ಗಿಕ ಅನಿಲ ಪೂರ್ತಿ ಉರಿಯಲು ಸುಮಾರು 9.5 ಪಾಲು ಗಾಳಿ ಬೇಕು, ಒಂದು ಪಾಲು ಪ್ರೊಪೇನ್‌ಗೆ ಸುಮಾರು 24 ಪಾಲು ಬೇಕು. ಆದ್ದರಿಂದ ಪ್ರೊಪೇನ್ ಬಳಸುವ ಅಗ್ಗಿಷ್ಟಿಕೆಯ ಶಟರ್ ಸಾಮಾನ್ಯವಾಗಿ ಹೆಚ್ಚು ತೆರೆದಿರುತ್ತದೆ, ನೈಸರ್ಗಿಕ ಅನಿಲದ್ದು ಕೇವಲ ಕೆಲವೇ ಮಿಲಿಮೀಟರ್ ತೆರೆದಿರುವುದುಂಟು.

ಕೆಲಸದ ಕ್ರಮ ಹೀಗೆ. ಅಗ್ಗಿಷ್ಟಿಕೆಯನ್ನು ಆರಿಸಿ, ಪೂರ್ತಿ ತಣಿಯಲು ಬಿಡಿ. ಸ್ಕ್ರೂ ಸಡಿಲಿಸುವ ಮೊದಲು ಬಳೆಯ ಅಂಚಿಗೆ ಪೆನ್ಸಿಲ್‌ನಿಂದ ಒಂದು ಗೆರೆ ಎಳೆಯಿರಿ. ಹೊರಟ ಜಾಗಕ್ಕೆ ಮರಳಲು ಆ ಗೆರೆಯೊಂದೇ ದಾರಿ. ತುದಿಯಲ್ಲಿ ಮಸಿ ಇದ್ದರೆ ಒಂದು ಮಿಲಿಮೀಟರಿನಷ್ಟು ತೆರೆಯಿರಿ. ಉರಿ ಪಾರದರ್ಶಕ ನೀಲಿಯಾಗಿದ್ದು ಬರ್ನರಿನಿಂದ ಕಿತ್ತುಕೊಂಡು ಹೋಗುವಂತಿದ್ದರೆ ಅಷ್ಟೇ ಮುಚ್ಚಿರಿ. ಸ್ಕ್ರೂ ಬಿಗಿದು, ಸೌದೆಯನ್ನೂ ಗಾಜನ್ನೂ ಮೊದಲಿದ್ದಂತೆಯೇ ಕೂರಿಸಿ, ಹೊತ್ತಿಸಿ, ಅರ್ಧ ಗಂಟೆ ಕಾಯಿರಿ. ಗಾಜು ತೆಗೆದು ಉರಿಸಿ ನೋಡಿದರೆ ಕೆಲಸ ಬೇಗ ಮುಗಿಯುತ್ತದೆ ಎಂದು ಅನ್ನಿಸಬಹುದು. ಮುಚ್ಚಿದ ಬಗೆಯಲ್ಲಿ ಹಾಗೆ ಮಾಡಿದರೆ ಸುಟ್ಟ ಅನಿಲ ಕೋಣೆಗೆ ಬರುತ್ತದೆ, ಜೊತೆಗೆ ಗಾಳಿಯ ಹರಿವೇ ಬದಲಾಗುವುದರಿಂದ ಕಾಣುವ ಉರಿಯೂ ಸುಳ್ಳು. ಒಂದು ಸಂಜೆಗೆ ಎರಡು ಬಾರಿಗಿಂತ ಹೆಚ್ಚು ಹೊಂದಿಸಲು ಸಮಯ ಸಾಲುವುದಿಲ್ಲ ಎಂದು ಮೊದಲೇ ಒಪ್ಪಿಕೊಂಡು ಕೂತರೆ ಕೈ ಅವಸರ ಪಡುವುದಿಲ್ಲ.

ಸೌದೆ ಚೆಂದ ಕಾಣಲಿ ಅಂತ ಸ್ವಲ್ಪ ಸರಿಸಿದೆ ಅಷ್ಟೇ. ಈಗ ಮಸಿ ಬರುತ್ತಿದೆ. ಶಟರ್ ತೆರೆಯಲೇ?

ಮೊದಲು ಸೌದೆಯನ್ನು ಹಿಂದಿನ ಜಾಗಕ್ಕೆ ತನ್ನಿ. ಸೆರಾಮಿಕ್ ಸೌದೆ ಅಲಂಕಾರದ ವಸ್ತುವಿನಂತೆ ಕಂಡರೂ ಅದು ಬರ್ನರಿನ ಒಂದು ಅಂಗ. ಜ್ವಾಲೆ ಏಳಬೇಕಾದ ಸಂದುಗಳನ್ನು ಲೆಕ್ಕ ಹಾಕಿಯೇ ಅದನ್ನು ಜೋಡಿಸಿರುತ್ತಾರೆ. ಜ್ವಾಲೆ ತಣ್ಣಗಿನ ಮೇಲ್ಮೈಗೆ ಬಡಿದರೆ ಉರಿಯುತ್ತಿರುವ ಇಂಗಾಲದ ಕಣಗಳು ಅಲ್ಲಿಯೇ ತಣಿದು ಅಂಟಿಕೊಳ್ಳುತ್ತವೆ. ನಾನೂ ಒಮ್ಮೆ ಮುಂದಿನ ಸೌದೆಯನ್ನು ಎರಡು ಬೆರಳಿನಷ್ಟು ಹಿಂದಕ್ಕೆ ತಳ್ಳಿ, ಉರಿ ಈಗ ತುಂಬಿಕೊಂಡಂತೆ ಕಾಣುತ್ತದೆ ಎಂದು ಬೀಗಿದ್ದೆ. ವಾರ ಕಳೆಯುವಷ್ಟರಲ್ಲಿ ಆ ಸೌದೆಯ ಕೆಳಮೈಯಲ್ಲಿ ಬೆಕ್ಕಿನ ತುಪ್ಪಳದಂಥ ಮೆತ್ತನೆಯ ಕಪ್ಪು ಬೆಳೆದಿತ್ತು. ಬೆರಳು ತಾಗಿಸಿದರೆ ಎಳೆಯಾಗಿ ಉದುರುತ್ತಿತ್ತು. ಸೌದೆಯನ್ನು ಅದರ ಗೂಟಕ್ಕೆ ಮತ್ತೆ ಕೂರಿಸಿದ ದಿನವೇ ಮಸಿ ನಿಂತಿತು, ಶಟರನ್ನು ಮುಟ್ಟಬೇಕಾಗಿಯೇ ಬರಲಿಲ್ಲ.

ಹೆಚ್ಚಿನ ಮಾದರಿಗಳಲ್ಲಿ ಸೌದೆಯ ಅಡಿಯಲ್ಲಿ ಗೂಟ, ತಗ್ಗು ಅಥವಾ ಅಂಕಿಯ ಗುರುತು ಇರುತ್ತದೆ. ಸ್ವಚ್ಛಗೊಳಿಸಲು ತೆಗೆಯುವ ಮುನ್ನ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಳ್ಳುವುದು ಕೈಪಿಡಿಯ ನಕ್ಷೆಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಕೆಂಡದ ಥರ ಹೊಳೆಯುವ ಉಣ್ಣೆಯನ್ನು ಇನ್ನಷ್ಟು ಹಾಕಿದರೆ ಚೆನ್ನಾಗಿ ಕಾಣುವುದಿಲ್ಲವೇ?

ಕಾಣುವುದಿಲ್ಲ. ಬರ್ನರಿನ ಮೇಲೆ ಹರಡುವ ಈ ಉಣ್ಣೆ ಬೆಂಕಿಗೆ ಸುಡದ ಖನಿಜದ ಎಳೆ. ಅದನ್ನು ಕಡಲೆಕಾಯಿಯಷ್ಟು ಸಣ್ಣ ಚೂರುಗಳಾಗಿ ಬಿಡಿಸಿ, ತೆಳ್ಳಗೆ, ಬಿಡಿಬಿಡಿಯಾಗಿ ಹರಡಿದಾಗ ಮಾತ್ರ ಕೆಂಪಾಗಿ ಹೊಳೆಯುತ್ತದೆ. ದಪ್ಪ ಪದರ ಹಾಕಿದರೆ ರಂಧ್ರ ಮುಚ್ಚಿ ಉರಿ ಕುಗ್ಗುತ್ತದೆ. ಪೈಲಟ್‌ನ (ಬರ್ನರನ್ನು ಹೊತ್ತಿಸುವ ಪುಟ್ಟ ಉರಿಯ) ಸುತ್ತಲೂ ಗಾಳಿಯ ಕಿಂಡಿಗಳ ಮೇಲೂ ಒಂದು ಎಳೆಯೂ ಬೀಳಬಾರದು.

ನಾಬನ್ನು ಪೂರ್ತಿ ತಿರುಗಿಸಿದರೂ ಉರಿ ಗಿಡ್ಡವಾಗಿಯೇ ಇದೆ. ಮೊದಲು ಹೀಗಿರಲಿಲ್ಲ.

ಮುಂದೆ ಕಾಣುವ ಹೆಚ್ಚು-ಕಡಿಮೆಯ ನಾಬ್ ಬರ್ನರಿಗೆ ಹೋಗುವ ಅನಿಲದ ಒತ್ತಡವನ್ನು ಬದಲಿಸುತ್ತದೆ. ಎರಡು ತುದಿಗಳ ನಡುವೆ ಅದನ್ನು ಎಲ್ಲಿಗೆ ಬೇಕಾದರೂ ತಿರುಗಿಸಬಹುದು. ಅದಕ್ಕಾಗಿಯೇ ಅದನ್ನು ಇಟ್ಟಿರುವುದು. ಪೂರ್ತಿ ತೆರೆದೂ ಉರಿ ಏಳದಿದ್ದರೆ, ಮನೆಯ ಇತರ ಗ್ಯಾಸ್ ಉಪಕರಣಗಳನ್ನು ಆರಿಸಿ ನೋಡಿ. ಆಗ ಉರಿ ಎದ್ದರೆ ದೋಷ ಅಗ್ಗಿಷ್ಟಿಕೆಯದ್ದಲ್ಲ, ಬರುವ ಅನಿಲ ಎಲ್ಲಕ್ಕೂ ಸಾಲುತ್ತಿಲ್ಲ. ಬಾಗಿದ ಮೆತುಕೊಳವೆ, ಅರ್ಧ ಮುಚ್ಚಿದ ವಾಲ್ವ್, ಮುಗಿಯುತ್ತ ಬಂದ ಪ್ರೊಪೇನ್ ಸಿಲಿಂಡರ್ ಇವೂ ಇದೇ ಲಕ್ಷಣ ತೋರಿಸುತ್ತವೆ.

ಉರಿ ಬರ್ನರಿನ ಒಂದೇ ಭಾಗದಲ್ಲಿ ಗಿಡ್ಡವಾಗಿದ್ದರೆ ವಿಷಯ ಬೇರೆ: ಅಲ್ಲಿ ರಂಧ್ರಗಳಿಗೆ ದೂಳು, ಉಣ್ಣೆ ಅಥವಾ ತುಕ್ಕು ಸಿಕ್ಕಿಕೊಂಡಿದೆ. ತಣ್ಣಗಿರುವಾಗ ಮೆತ್ತನೆಯ ಬ್ರಷ್‌ನಿಂದ ಕೆದರಿ ವ್ಯಾಕ್ಯೂಮ್‌ನಿಂದ ಎಳೆಯಿರಿ. ಸೂಜಿಯನ್ನೋ ಮೊಳೆಯನ್ನೋ ತೂರಿಸಿ ರಂಧ್ರವನ್ನು ಹಿರಿದು ಮಾಡಿದರೆ ಅದನ್ನು ಮತ್ತೆ ಕಿರಿದು ಮಾಡಲಾಗದು. ತಿಂಗಳುಗಟ್ಟಲೆ ಹೊತ್ತಿಸದೆ ಬಿಟ್ಟಿದ್ದರೆ ಬರ್ನರ್ ಕೊಳವೆಯೊಳಗೆ ಜೇಡರ ಬಲೆ ಇರುವ ಸಾಧ್ಯತೆಯನ್ನೂ ಮರೆಯಬೇಡಿ.

ಗಾಜಿನ ಮೇಲೆ ಬಿಳಿ ಪೊರೆ ಕೂರುತ್ತದೆ. ಇದೂ ಮಸಿಯೇ?

ಅಲ್ಲ. ಬಿಳಿಯದು ಅನಿಲ ಉರಿದಾಗ ಉಳಿಯುವ ಖನಿಜಾಂಶದ ಪೊರೆ. ಹೊಂದಾಣಿಕೆ ಸರಿ ಇದ್ದರೂ ಅದು ಬರುತ್ತದೆ. ಗಾಜು ತಣಿದ ಮೇಲೆ ಅಗ್ಗಿಷ್ಟಿಕೆಯ ಗಾಜಿಗೆಂದೇ ಮಾಡಿದ ದ್ರಾವಣದಿಂದ ಒರೆಸಬೇಕು, ಅಮೋನಿಯಾ ಇರುವ ಸಾಮಾನ್ಯ ಗ್ಲಾಸ್ ಕ್ಲೀನರ್ ಬೇಡ. ಬಹಳ ದಿನ ಬಿಟ್ಟರೆ ಪೊರೆ ಗಾಜಿಗೆ ಸುಟ್ಟು ಹಿಡಿದು ಮತ್ತೆ ಹೋಗುವುದೇ ಇಲ್ಲ. ಕಪ್ಪಾದದ್ದು ಮಾತ್ರ ಮಸಿ, ಅದಕ್ಕೆ ಉರಿಯಲ್ಲೇ ಕಾರಣ ಹುಡುಕಬೇಕು.

## ಪೈಲಟ್ ಮತ್ತು ಹೊತ್ತಿಕೊಳ್ಳುವಿಕೆ

ಪೈಲಟ್ ಹೊತ್ತುತ್ತದೆ, ನಾಬ್ ಬಿಟ್ಟ ಕೂಡಲೇ ಆರಿಹೋಗುತ್ತದೆ. ಏಕೆ?

ಪೈಲಟ್‌ನ ಪಕ್ಕದಲ್ಲಿ ಪೆನ್ಸಿಲ್‌ನಷ್ಟೂ ದಪ್ಪವಿಲ್ಲದ ಒಂದು ಲೋಹದ ಕಡ್ಡಿ ನಿಂತಿರುತ್ತದೆ. ಅದು ಥರ್ಮೋಕಪಲ್. ಎರಡು ಬೇರೆ ಬೇರೆ ಲೋಹಗಳು ಕೂಡುವ ಜಾಗ ಕಾದಾಗ ಅಲ್ಪ ವಿದ್ಯುತ್ ಹುಟ್ಟುತ್ತದೆ, ಸರಿಯಾಗಿ ಕಾದ ಥರ್ಮೋಕಪಲ್ 25ರಿಂದ 30 ಮಿಲಿವೋಲ್ಟ್ ಕೊಡುತ್ತದೆ. ವಾಲ್ವ್‌ನೊಳಗಿನ ಪುಟ್ಟ ವಿದ್ಯುತ್ಕಾಂತಕ್ಕೆ ಇಷ್ಟು ಬಲದಿಂದ ವಾಲ್ವನ್ನು ತೆರೆಯಲಾಗುವುದಿಲ್ಲ, ತೆರೆದದ್ದನ್ನು ಹಿಡಿದುಕೊಳ್ಳಲು ಮಾತ್ರ ಆಗುತ್ತದೆ. ತೆರೆಯುವ ಕೆಲಸವನ್ನು ನಾಬ್ ಒತ್ತಿದ ನಿಮ್ಮ ಬೆರಳು ಮಾಡಬೇಕು. ಹಾಗಾಗಿ ಹೊತ್ತಿದ ಮೇಲೂ ಅರ್ಧದಿಂದ ಒಂದು ನಿಮಿಷ ಒತ್ತಿಯೇ ಹಿಡಿದಿರಬೇಕು.

ಹಿಡಿದೂ ನಿಲ್ಲದಿದ್ದರೆ ಪೈಲಟ್ ಉರಿಯನ್ನು ನೋಡಿ. ಅದು ನೀಲಿಯಾಗಿ, ಬಿರುಸಾಗಿ, ಕಡ್ಡಿಯ ಮೇಲ್ತುದಿಯ ಸುಮಾರು 10ರಿಂದ 13 ಮಿಲಿಮೀಟರ್ ಭಾಗವನ್ನು ಸುತ್ತಿಕೊಂಡಿರಬೇಕು. ಹಳದಿಯಾಗಿ, ಸೊರಗಿ, ಕಡ್ಡಿಯನ್ನು ಅರೆಬರೆ ಮುಟ್ಟುತ್ತಿದ್ದರೆ ಪೈಲಟ್‌ನ ಕಿಂಡಿಯಲ್ಲಿ ದೂಳಿದೆ. ಉರಿ ಸರಿಯಿದ್ದೂ ನಿಲ್ಲದಿದ್ದರೆ ಕಡ್ಡಿ ಸವೆದಿರಬೇಕು ಅಥವಾ ಅದರ ತಂತಿ ವಾಲ್ವ್‌ಗೆ ಸೇರುವಲ್ಲಿ ಸಡಿಲವಾಗಿರಬೇಕು. ಅನೇಕ ವಾಲ್ವ್‌ಗಳಲ್ಲಿ ಪೈಲಟ್ ಉರಿಯ ಪ್ರಮಾಣಕ್ಕೆ ಒಂದು ಸ್ಕ್ರೂ ಇರುತ್ತದೆ. ಕಾಲು ಸುತ್ತಿಗಿಂತ ಹೆಚ್ಚು ಒಮ್ಮೆಗೆ ತಿರುಗಿಸಬೇಡಿ, ಸ್ವಚ್ಛಗೊಳಿಸದೆ ಬರೀ ಸ್ಕ್ರೂವಿನಿಂದ ದಾರಿ ಹುಡುಕಲೂ ಬೇಡಿ.

ಪ್ರತಿ ಬಾರಿ ಆರಿದ ಮೇಲೂ, ಮತ್ತೆ ಹೊತ್ತಿಸುವ ಮುನ್ನ 5 ನಿಮಿಷ ಬಿಡಬೇಕು. ಒಳಗೆ ಸೇರಿದ ಅನಿಲ ಚದುರಿಹೋಗಲು ಅಷ್ಟು ಹೊತ್ತು ಬೇಕು.

ಪೈಲಟ್ ಉರಿಯುತ್ತಲೇ ಇರುತ್ತದೆ, ಆದರೆ ಸ್ವಿಚ್ ಹಾಕಿದರೆ ಬರ್ನರ್ ಹೊತ್ತುವುದಿಲ್ಲ.

ಇಂಥ ಮಾದರಿಯಲ್ಲಿ ಸಾಮಾನ್ಯವಾಗಿ ಎರಡನೆಯ, ದಪ್ಪನೆಯ ಕಡ್ಡಿಯೊಂದಿರುತ್ತದೆ: ಥರ್ಮೋಪೈಲ್. ಹಲವು ಥರ್ಮೋಕಪಲ್‌ಗಳನ್ನು ಸರಣಿಯಲ್ಲಿ ಜೋಡಿಸಿದ ಇದು 500ರಿಂದ 750 ಮಿಲಿವೋಲ್ಟ್ ಕೊಟ್ಟು ಮುಖ್ಯ ವಾಲ್ವನ್ನು ತೆರೆಯುತ್ತದೆ. ಪೈಲಟ್ ಉರಿ ಇದರ ಕಡೆಗೆ ಸರಿಯಾಗಿ ಚಾಚದಿದ್ದರೂ, ಗೋಡೆಯ ಸ್ವಿಚ್ಚಿನ ತಂತಿ ಉದ್ದವಾಗಿ ಅದರ ಜೋಡಣೆಗಳು ಕಿಲುಬು ಹಿಡಿದಿದ್ದರೂ ವಾಲ್ವ್‌ಗೆ ಬೇಕಾದಷ್ಟು ಉಳಿಯುವುದಿಲ್ಲ. ಈ ಕಡಿಮೆ ವೋಲ್ಟೇಜಿನ ತಂತಿಗೆ ಮನೆಯ ವಿದ್ಯುತ್ ಸಂಪರ್ಕವನ್ನು ಎಂದೂ ಕೊಡಬಾರದು.

ಬರ್ನರ್ ತಡವಾಗಿ, 'ಧಪ್' ಅಂತ ಸದ್ದು ಮಾಡಿ ಹೊತ್ತಿಕೊಳ್ಳುತ್ತದೆ. ಹೊತ್ತಿದ ಮೇಲೆ ಎಲ್ಲ ಸರಿ ಇದೆ. ಹೀಗೇ ಬಳಸಬಹುದೇ?

ಬಳಸಬಾರದು. ಪೈಲಟ್‌ಗೆ ಹತ್ತಿರದ ರಂಧ್ರಗಳು ಕಟ್ಟಿಕೊಂಡಿದ್ದರೆ, ಅಥವಾ ನಡುವೆ ಸೌದೆಯೋ ಉಣ್ಣೆಯೋ ಅಡ್ಡಬಂದಿದ್ದರೆ, ಬರ್ನರಿನಿಂದ ಬಂದ ಅನಿಲ ಕೆಲವು ಕ್ಷಣ ಹೊತ್ತಿಕೊಳ್ಳದೆ ಒಲೆಗೂಡಿನಲ್ಲಿ ಶೇಖರವಾಗಿ ಒಮ್ಮೆಲೇ ಹೊತ್ತುತ್ತದೆ. ಇಂದು ಸದ್ದು ಮಾಡಿದ್ದು ನಾಳೆ ಗಾಜನ್ನೇ ಒಡೆಯಬಹುದು. ಕಾರಣ ತಿಳಿಯುವವರೆಗೆ ವಾಲ್ವ್ ಮುಚ್ಚಿಡಿ.

## ಅಳತೆ ಮಾಡಿಯೇ ಮುಟ್ಟಬೇಕಾದವು

ಉರಿ ಬರ್ನರನ್ನು ಬಿಟ್ಟು ಮೇಲಕ್ಕೆ ತೇಲುತ್ತದೆ, ಕೆಲವೊಮ್ಮೆ ತಾನೇ ಆರುತ್ತದೆ. ಶಟರ್ ಮುಚ್ಚಿದರೂ ಪ್ರಯೋಜನವಾಗಲಿಲ್ಲ.

ಅನಿಲ ಹೊರಬರುವ ವೇಗ ಜ್ವಾಲೆ ಹಿಂದಕ್ಕೆ ಹರಡುವ ವೇಗವನ್ನು ಮೀರಿದಾಗ ಉರಿ ರಂಧ್ರವನ್ನು ಬಿಟ್ಟು ಮೇಲೇಳುತ್ತದೆ. ಬೆರಕೆಯಲ್ಲಿ ಗಾಳಿ ಅತಿಯಾಗಿರುವುದು ಒಂದು ಕಾರಣ. ಶಟರ್ ಅದನ್ನು ಸರಿಪಡಿಸುತ್ತದೆ. ಎರಡನೆಯದು ಅನಿಲದ ಒತ್ತಡ ಹೆಚ್ಚಿರುವುದು. ಮೂರನೆಯದು ಮುಚ್ಚಿದ ಬಗೆಯವರನ್ನು ಹೆಚ್ಚು ಕಾಡುವಂಥದ್ದು: ಹೊಗೆಕೊಳವೆ ಬಹಳ ಎತ್ತರವಾಗಿದ್ದರೆ ಸೆಳೆತ ಅತಿಯಾಗಿ ಉರಿ ಹಾರುತ್ತದೆ, ಆಗ ಕೊಳವೆಯೊಳಗಿನ ತಡೆತಗಡನ್ನು ಕೈಪಿಡಿಯ ಕೋಷ್ಟಕದಂತೆ ಹೊಂದಿಸಬೇಕು. ಇದಕ್ಕೆ ತದ್ವಿರುದ್ಧವಾಗಿ, ಒಳ ಕೊಳವೆಯ ಜೋಡಣೆ ಎಲ್ಲಾದರೂ ಬಿಟ್ಟಿದ್ದರೆ ಸುಟ್ಟ ಅನಿಲವೇ ಒಳಬರುವ ಗಾಳಿಗೆ ಬೆರೆತು, ಉರಿಗೆ ಆಮ್ಲಜನಕ ಸಾಲದೆ ಅದು ಸೋಮಾರಿಯಾಗಿ ತೇಲಿ ಆರುತ್ತದೆ. ಕಣ್ಣಿಗೆ ಎರಡೂ ಒಂದೇ ಬಗೆಯಾಗಿ ಕಾಣುವುದರಿಂದ ಇಲ್ಲಿ ಊಹೆ ಬೇಡ, ಕೊಳವೆಯನ್ನು ತಂತ್ರಜ್ಞರಿಂದಲೇ ಪರೀಕ್ಷಿಸಿ.

ಒತ್ತಡ ಎಷ್ಟಿರಬೇಕು? ನಾನೇ ಅಳೆಯಬಹುದೇ?

ಬರ್ನರಿಗೆ ಹೋಗುವ ಒತ್ತಡ, ಹೆಚ್ಚಿನ ಉರಿಯಲ್ಲಿ, ನೈಸರ್ಗಿಕ ಅನಿಲಕ್ಕೆ ಸಾಮಾನ್ಯವಾಗಿ ನೀರಿನ ಕಂಬದ 3.5 ಅಂಗುಲ, ಎಂದರೆ ಸುಮಾರು 0.87 ಕಿಲೋಪಾಸ್ಕಲ್, ಪ್ರೊಪೇನ್‌ಗೆ 10ರಿಂದ 11 ಅಂಗುಲ, ಎಂದರೆ ಸುಮಾರು 2.5ರಿಂದ 2.7 ಕಿಲೋಪಾಸ್ಕಲ್. ನಿಮ್ಮ ಉಪಕರಣದ್ದು ಅದರ ತಗಡಿನ ಫಲಕದ ಮೇಲೆ ಅಚ್ಚಾಗಿರುತ್ತದೆ. ಹರಿವು ಒತ್ತಡದ ವರ್ಗಮೂಲದಂತೆ ಬದಲಾಗುವುದರಿಂದ ಒತ್ತಡವನ್ನು ಅರ್ಧಕ್ಕಿಳಿಸಿದರೂ ಅನಿಲ ಸುಮಾರು ಶೇ 70ರಷ್ಟು ಹರಿಯುತ್ತಲೇ ಇರುತ್ತದೆ. ಕಡಿಮೆ ಉರಿಗೆ ತಿರುಗಿಸಿದಾಗ ಕೋಣೆಯ ಬಿಸಿ ನಿರೀಕ್ಷಿಸಿದಷ್ಟು ಇಳಿಯದಿರುವುದಕ್ಕೆ ಇದೇ ಕಾರಣ. ವಾಲ್ವ್‌ನ ಮೇಲೆ ಮಾನೋಮೀಟರ್ ಜೋಡಿಸಲು ಸಣ್ಣ ಬಾಯಿಗಳಿವೆ. ಆದರೆ ಆ ಬಾಯಿಯ ಸ್ಕ್ರೂ ತೆರೆಯುವುದೆಂದರೆ ಅನಿಲದ ದಾರಿಯನ್ನೇ ತೆರೆದಂತೆ. ಅಳೆದು ಮುಗಿಸಿ, ಮತ್ತೆ ಬಿಗಿದು, ಸಾಬೂನು ನೀರಿನಿಂದ ಸೋರಿಕೆ ನೋಡುವ ಅಭ್ಯಾಸ ಇಲ್ಲದವರು ಇದನ್ನು ತರಬೇತಿ ಪಡೆದವರ ಕೈಗೆ ಬಿಡಬೇಕು.

ನೈಸರ್ಗಿಕ ಅನಿಲದ ಅಗ್ಗಿಷ್ಟಿಕೆಗೆ ಪ್ರೊಪೇನ್ ಕೊಟ್ಟು, ಶಟರ್ ಮಾತ್ರ ತೆರೆದರೆ ಸಾಲದೇ?

ಸಾಲದು. ಒಂದೇ ಗಾತ್ರದ ಪ್ರೊಪೇನ್ ನೈಸರ್ಗಿಕ ಅನಿಲದ ಸುಮಾರು ಎರಡೂವರೆ ಪಟ್ಟು ಶಾಖ ಕೊಡುತ್ತದೆ, ಜೊತೆಗೆ ಬರುವ ಒತ್ತಡವೂ ಹೆಚ್ಚು. ಹಳೆಯ ದೊಡ್ಡ ಜೆಟ್‌ನಿಂದ ಅದನ್ನು ಬಿಟ್ಟರೆ ಒಲೆಗೂಡು ತಡೆಯಲಾರದಷ್ಟು ಉರಿ, ತಡೆಯಲಾರದಷ್ಟು ಮಸಿ. ಮುಖ್ಯ ಜೆಟ್, ಪೈಲಟ್ ಜೆಟ್ ಮತ್ತು ರೆಗ್ಯುಲೇಟರ್ ಮೂರನ್ನೂ ಆ ಮಾದರಿಗೆಂದೇ ತಯಾರಾದ ಕಿಟ್‌ನಿಂದ ಬದಲಿಸಿದ ಮೇಲೆಯೇ ಶಟರಿನ ಮಾತು.

ಬೆಟ್ಟದ ಮೇಲಿನ ಮನೆಗೆ ಅದೇ ಅಗ್ಗಿಷ್ಟಿಕೆ ತಂದೆವು. ಉರಿ ಹೊಗೆಯಾಡುತ್ತದೆ.

ಎತ್ತರದಲ್ಲಿ ಗಾಳಿ ತೆಳುವಾಗಿರುವುದರಿಂದ ಅದೇ ಕಿಂಡಿಯಲ್ಲಿ ಬರುವ ಆಮ್ಲಜನಕ ಕಡಿಮೆ. ಸುಮಾರು 600 ಮೀಟರಿಗಿಂತ ಮೇಲಿದ್ದರೆ ಸಮುದ್ರಮಟ್ಟದಿಂದ ಲೆಕ್ಕ ಹಿಡಿದು ಪ್ರತಿ 300 ಮೀಟರಿಗೆ ಶೇ 4ರಂತೆ ಅನಿಲವನ್ನು ತಗ್ಗಿಸುವುದು ರೂಢಿಯಲ್ಲಿರುವ ಲೆಕ್ಕ. 1,500 ಮೀಟರಿನಲ್ಲಿ ಇದು ಶೇ 20 ಆಗುತ್ತದೆ. ಇದಕ್ಕೆ ಸಣ್ಣ ಜೆಟ್ ಹಾಕುತ್ತಾರೆ. ಕೆಲವು ಕಡೆ ಎತ್ತರಕ್ಕೆ ತಕ್ಕಂತೆ ಅನಿಲವನ್ನೇ ಮೊದಲೇ ಹದಗೊಳಿಸಿ ಸರಬರಾಜು ಮಾಡುವುದುಂಟು, ಆದ್ದರಿಂದ ಜೆಟ್ ಬದಲಿಸುವ ಮುನ್ನ ಸರಬರಾಜುದಾರರನ್ನು ಕೇಳಿ.

ಚಿಮಣಿ ಇಲ್ಲದ ನಮ್ಮ ಅಗ್ಗಿಷ್ಟಿಕೆ ಎರಡು ಗಂಟೆಯಾದರೆ ತಾನೇ ಆರುತ್ತದೆ. ಅದರ ಸೆನ್ಸರ್ ತೆಗೆಸಬಹುದೇ?

ಎಂದಿಗೂ ಬೇಡ. ಗಾಳಿಯಲ್ಲಿ ಸಹಜವಾಗಿ ಶೇ 20.9ರಷ್ಟಿರುವ ಆಮ್ಲಜನಕ ಸುಮಾರು ಶೇ 18ಕ್ಕೆ ಇಳಿದಾಗ ವಿಶೇಷವಾಗಿ ಮಾಡಿದ ಆ ಪೈಲಟ್ ಉರಿ ಥರ್ಮೋಕಪಲ್‌ನಿಂದ ದೂರ ಸರಿದು, ಕಡ್ಡಿ ತಣಿದು, ಅನಿಲ ನಿಲ್ಲುತ್ತದೆ. ಪೈಲಟ್‌ನಲ್ಲಿ ದೂಳು ಸೇರಿದ್ದರೂ ಹೀಗೆ ಆರುವುದುಂಟು. ಮೊದಲು ಕಿಟಕಿಯನ್ನು ಸ್ವಲ್ಪ ತೆರೆದಿಟ್ಟು ನೋಡಿ: ಆಗ ಆರದೆ ಉರಿದರೆ ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು, ಕೊರತೆ ಇದ್ದದ್ದು ಕೋಣೆಯ ಗಾಳಿಯಲ್ಲಿ.

ಯಾವಾಗ ಹೊಂದಾಣಿಕೆಯ ಯೋಚನೆ ಬಿಟ್ಟು ತಕ್ಷಣ ಆರಿಸಬೇಕು?

ತಲೆನೋವು, ತಲೆಸುತ್ತು, ವಾಕರಿಕೆ ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಕಾಣಿಸಿಕೊಂಡು, ಹೊರಗೆ ಹೋದಾಗ ಕಡಿಮೆಯಾಗುತ್ತಿದ್ದರೆ ಅದು ಕಾರ್ಬನ್ ಮಾನಾಕ್ಸೈಡ್‌ನ ಲಕ್ಷಣ. ಈ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಉರಿಯನ್ನು ನೋಡಿ ಅದನ್ನು ಪತ್ತೆಹಚ್ಚಲು ಬರುವುದಿಲ್ಲ. ಮಲಗುವ ಕೋಣೆಯ ಬಳಿ ಅಲಾರಂ ಇಲ್ಲದ ಮನೆಯಲ್ಲಿ ಶಟರಿಗೆ ಕೈ ಹಾಕುವ ಮೊದಲು ಅಲಾರಂ ತನ್ನಿ. ಅಲಾರಂ ಕೂಗಿದರೆ ಎಲ್ಲರೂ ಹೊರಗೆ ಬಂದು ತುರ್ತು ಸೇವೆಗೆ ಕರೆ ಮಾಡಬೇಕು.

ಗ್ಯಾಸಿನ ವಾಸನೆ ಬಂದರೆ ಸ್ವಿಚ್ ಹಾಕುವುದೂ ಬೇಡ, ಆರಿಸುವುದೂ ಬೇಡ. ಹೊರಗೆ ಹೋಗಿ ಅಲ್ಲಿಂದ ಕರೆ ಮಾಡಿ. ನೈಸರ್ಗಿಕ ಅನಿಲ ಗಾಳಿಗಿಂತ ಹಗುರವಾಗಿ ಮೇಲೇರುತ್ತದೆ, ಆದರೆ ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರವಾಗಿ ನೆಲಕ್ಕಂಟಿ ನೆಲಮಾಳಿಗೆಯಲ್ಲಿಯೂ ಮೂಲೆಗಳಲ್ಲಿಯೂ ತಂಗುತ್ತದೆ. ನಿಂತು ನೋಡಿದಾಗ ವಾಸನೆ ಬರಲಿಲ್ಲ ಎಂಬ ಕಾರಣಕ್ಕೆ ಪ್ರೊಪೇನ್ ಇಲ್ಲವೆಂದು ತಿಳಿಯಬಾರದು.